ಬಾಳೆಕಾಯಿ ಚಿಪ್ಸ್ ರಾತ್ರಿಯೊಳಗೆ ಮೆತ್ತಗಾಗುತ್ತದೆ, ಎಲ್ಲಿ ತಪ್ಪುತ್ತಿದ್ದೇನೆ?

ಬೆಂಗಳೂರಿನಲ್ಲಿದ್ದೇನೆ. ಮಂಗಳೂರು ಕಡೆಯ ಬೇಕರಿಗಳಲ್ಲಿ ಸಿಗುವ ಹಳದಿ ಬಾಳೆಕಾಯಿ ಚಿಪ್ಸ್ ಮನೆಯಲ್ಲೇ ಕರಿಯೋಣ ಅಂತ ಎರಡು ಸಲ ಹೊರಟೆ. ಮೊದಲ ಸಲ ಎಲ್ಲ ಕಂದಾಗಿ, ತಿಂದರೆ ಸಿಹಿ ಸಿಹಿ. ಎರಡನೇ ಸಲ ಬಾಣಲೆಯಿಂದ ತೆಗೆದಾಗ ಗರಿಗರಿ ಇತ್ತು, ರಾತ್ರಿಗೆ ಚಪ್ಪಲಿ ಚರ್ಮ. ಉಪ್ಪೂ ಹಿಡಿಯಲಿಲ್ಲ. ಮಾಡಿ ಪಳಗಿದವರು ಹೇಳಿ.

ಪುತ್ತೂರಿನಿಂದ:
ಮೊದಲು ಕಾಯಿ ವಿಷಯ. ಸುಮ್ನೆ ಬಾಳೆಕಾಯಿ ಕೊಡಿ ಅಂದರೆ ಬೆಂಗಳೂರಿನಲ್ಲಿ ಬಜ್ಜಿ ಕಾಯಿ ಕೈಗಿಡುತ್ತಾರೆ. ಅದರಲ್ಲೂ ಚಿಪ್ಸ್ ಆಗುತ್ತದೆ, ಆದರೆ ಆ ರುಚಿ ಬರುವುದಿಲ್ಲ. ನಿಮಗೆ ಬೇಕಾದದ್ದು ನೇಂದ್ರ. ಕೇರಳದವರ ಅಂಗಡಿಗಳಲ್ಲಿ ಕೇಳಿ. ಕಾಯಿ ಬಲಿತಿರಬೇಕು, ಹಣ್ಣಾಗಲು ಶುರುವಾಗಿರಬಾರದು. ಸಿಪ್ಪೆ ಪೂರ್ತಿ ಹಸಿರಿರಲಿ, ಒತ್ತಿದರೆ ಕಲ್ಲಿನ ಹಾಗಿರಲಿ. ಸ್ವಲ್ಪ ಹಳದಿ ತಿರುಗಿದರೂ ಒಳಗಿನ ಪಿಷ್ಟ ಸಕ್ಕರೆಯಾಗತೊಡಗಿರುತ್ತದೆ. ಸಕ್ಕರೆ ಬಿಸಿ ಎಣ್ಣೆಯಲ್ಲಿ ಬೇಗ ಕಂದಾಗುತ್ತದೆ, ಹೋಳು ಒಣಗುವ ಮೊದಲೇ. ನಿಮ್ಮ ಮೊದಲ ಸಲದ ಕಥೆ ಇದೇ ಇರಬೇಕು. ನನಗೂ ಒಮ್ಮೆ ಅಂಗಡಿಯವರು "ಇವತ್ತೇ ಬಂದ ಕಾಯಿ" ಅಂತ ಕೊಟ್ಟಿದ್ದರು. ಸಿಪ್ಪೆ ಹಸಿರೇ, ಒಳಗೆ ಅರ್ಧ ಹಣ್ಣು. ಪಾಯಸಕ್ಕೆ ಹಾಕಿದೆ.

ಸುಲಿಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ, ಇಲ್ಲದಿದ್ದರೆ ಕರೆ ಎರಡು ದಿನ ಹೋಗುವುದಿಲ್ಲ. ಉದ್ದಕ್ಕೆ ಮೂರು ನಾಲ್ಕು ಗೀರು ಹಾಕಿ ಹೆಬ್ಬೆರಳಿನಿಂದ ಎಬ್ಬಿಸಿದರೆ ಸಿಪ್ಪೆ ಬರುತ್ತದೆ. ಸುಲಿದದ್ದನ್ನು ಅರಿಶಿನ ಹಾಕಿದ ಮಜ್ಜಿಗೆ ನೀರಿನಲ್ಲಿ ಕಾಲು ಗಂಟೆ ಬಿಡಿ, ಆಮೇಲೆ ಚೆನ್ನಾಗಿ ಒರೆಸಿ.

ಉಡುಪಿಯಿಂದ:
ಮದುವೆ ಅಡುಗೆಯವರ ಜೊತೆ ನಾಲ್ಕು ವರ್ಷ ಕರಿಯುವ ಕೆಲಸ ಮಾಡಿದ್ದೇನೆ. ನನ್ನ ಪ್ರಕಾರ ನೀವು ಬೇಗ ತೆಗೆಯುತ್ತಿದ್ದೀರಿ. ಹೊರಗೆ ಗರಿ ಬಂದರೂ ನಡುವೆ ನೀರಿನ ಪಸೆ ಉಳಿದಿರುತ್ತದೆ, ರಾತ್ರಿಯೊಳಗೆ ಅದು ಹೋಳಿನ ತುಂಬ ಹರಡುತ್ತದೆ. ಬಣ್ಣ ನೋಡಬೇಡಿ, ಸದ್ದು ಕೇಳಿ. ಹಾಕಿದಾಗ ಎಣ್ಣೆ ಭೋರ್ ಅನ್ನುತ್ತದೆ. ಅದು ಹೋಳಿನ ನೀರು ಹಬೆಯಾಗಿ ಹೊರಬರುವ ಸದ್ದು. ನೊರೆ ಅಡಗಿ, ಜಾರದಿಂದ ಕೆದಕಿದರೆ ಒಣಗಿದ ಎಲೆಯ ಹಾಗೆ ಗಲಗಲ ಅನ್ನಬೇಕು. ಆಗ ತೆಗೆಯಿರಿ, ಅರ್ಧ ನಿಮಿಷ ಮೊದಲೂ ಬೇಡ.

ಚಿಪ್ಸ್ ಹೆರೆಯುವ ಮಣೆಯನ್ನು ಬಾಣಲೆಯ ಮೇಲೆ ಹಿಡಿದು ನೇರ ಎಣ್ಣೆಗೇ ಹೆರೆಯುತ್ತೇವೆ, ಹೋಳು ಒಂದಕ್ಕೊಂದು ಅಂಟುವುದಿಲ್ಲ. ನಿಮಗೆ ಹೆದರಿಕೆಯಾದರೆ ತಟ್ಟೆಗೆ ಹೆರೆದು ಬಿಡಿಬಿಡಿಯಾಗಿ ಉದುರಿಸಿ. ದಪ್ಪ ಒಂದೂವರೆ ಮಿಲಿಮೀಟರ್ ಸಾಕು, ಮುಖ್ಯ ಎಲ್ಲ ಒಂದೇ ದಪ್ಪ ಇರಬೇಕು. ಎಣ್ಣೆ 170ರಿಂದ 180 ಡಿಗ್ರಿ. ಒಂದು ಒಬ್ಬೆಗೆ ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ಹೋಳು ಎಣ್ಣೆ ಕುಡಿಯುತ್ತದೆ.

ಉಪ್ಪಿಗೆ ಅಂಗಡಿಯವರ ಗುಟ್ಟು: ಕಾಲು ಲೋಟ ನೀರಿಗೆ ಎರಡು ಚಮಚ ಉಪ್ಪು, ಅರ್ಧ ಚಮಚ ಅರಿಶಿನ. ಚಿಪ್ಸ್ ಮುಕ್ಕಾಲು ಆದಾಗ ಒಬ್ಬೆಗೆ ಒಂದು ಚಮಚದಂತೆ ಎಣ್ಣೆಗೇ ಹಾಕುವುದು. ನೀರು 100 ಡಿಗ್ರಿಗೇ ಹಬೆಯಾಗಿ ಹೋಗುತ್ತದೆ, ಉಪ್ಪು ಹೋಳಿಗೆ ಅಂಟುತ್ತದೆ. ಸಿಡಿಯುತ್ತದೆ, ದೂರ ನಿಲ್ಲಿ. ಬಾಣಲೆ ಅರ್ಧಕ್ಕಿಂತ ಜಾಸ್ತಿ ತುಂಬಿರಲೇಬಾರದು.

ಮೈಸೂರಿನಿಂದ:
ಉಪ್ಪುನೀರಿನ ಆಟ ಮನೆಯಲ್ಲಿ ಬೇಡವೇ ಬೇಡ ಅಂತೀನಿ. ನನ್ನ ಮೊಣಕೈ ಮೇಲೆ ಇನ್ನೂ ಗುರುತಿದೆ. ಎಣ್ಣೆಯಿಂದ ತೆಗೆದ ತಕ್ಷಣ, ಬಿಸಿ ಇರುವಾಗಲೇ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ ಉಪ್ಪು ಉದುರಿಸಿ ಕುಲುಕಿ. ಅಂಗಡಿಯದ್ದರ ಹಾಗೆ ಸಮವಾಗಿ ಹಿಡಿಯುವುದಿಲ್ಲ, ಒಪ್ಪುತ್ತೇನೆ. ಇನ್ನೊಂದು, ಡಬ್ಬಿಗೆ ಹಾಕುವ ಮೊದಲು ಪೂರ್ತಿ ಆರಲಿ. ಬೆಚ್ಚಗಿರುವಾಗ ಮುಚ್ಚಳ ಹಾಕಿದರೆ ಒಳಗೇ ಬೆವರುತ್ತದೆ.

ನ್ಯೂಜೆರ್ಸಿಯಿಂದ:
ಇಲ್ಲಿ ಹಸಿರು ಪ್ಲಾಂಟೇನ್, ಅಂದರೆ ಅಡುಗೆಯ ಬಾಳೆಕಾಯಿ, ಧಾರಾಳವಾಗಿ ಸಿಗುತ್ತದೆ, ಕೆರಿಬಿಯನ್ ಜನರಿಂದಾಗಿ. ನಮ್ಮ ಪಕ್ಕದ ಮನೆಯವರು ಡೊಮಿನಿಕನ್ ರಿಪಬ್ಲಿಕ್‌ನವರು, ಅವರಿಂದ ತೊಸ್ತೋನೆಸ್ ಕಲಿತೆ. ಕಾಯಿಯನ್ನು ಎರಡು ಸೆಂಟಿಮೀಟರ್ ದಪ್ಪಕ್ಕೆ ಕತ್ತರಿಸಿ ಹದ ಬಿಸಿಯಲ್ಲಿ ಮೆತ್ತಗಾಗುವವರೆಗೆ ಕರಿಯುತ್ತಾರೆ. ತೆಗೆದು, ಲೋಟದ ತಳದಿಂದ ಒತ್ತಿ ಚಪ್ಪಟೆ ಮಾಡಿ, ಜೋರು ಬಿಸಿಯಲ್ಲಿ ಮತ್ತೆ ಕರಿಯುವುದು. ಒತ್ತಿದಾಗ ಒಡೆದ ಅಂಚು ಇದೆಯಲ್ಲ, ಅದೇ ಗರಿಯಾಗುವುದು. ಕೊಲಂಬಿಯಾದಲ್ಲಿ ಇದಕ್ಕೇ ಪತಕೋನೆಸ್ ಅನ್ನುತ್ತಾರೆ. ನಡುವೆ ಬೆಳ್ಳುಳ್ಳಿ ಹಾಕಿದ ಉಪ್ಪುನೀರಿನಲ್ಲಿ ಅದ್ದುವವರೂ ಇದ್ದಾರೆ. ಅದ್ದಿದರೆ ಒರೆಸಿಯೇ ಎಣ್ಣೆಗೆ ಬಿಡಿ. ಹೊರಗೆ ಗರಿ, ಒಳಗೆ ಬೆಂದ ಆಲೂಗಡ್ಡೆ ಥರ. ಆದರೆ ಇದು ಡಬ್ಬಿಯಲ್ಲಿಡುವ ತಿಂಡಿ ಅಲ್ಲ, ಹತ್ತು ನಿಮಿಷದೊಳಗೆ ತಿನ್ನಬೇಕು. ನಾನು ನಿಂಬೆ ಉಪ್ಪಿನಕಾಯಿ ರಸದಲ್ಲಿ ಅದ್ದಿಕೊಳ್ಳುತ್ತೇನೆ. ಪಕ್ಕದ ಮನೆಯವರು ರುಚಿ ನೋಡಿ ಏನೂ ಹೇಳಲಿಲ್ಲ.

ಕುಮಟಾದಿಂದ:
ಸಾರನ್ನಕ್ಕೆ ನಂಚಿಕೊಳ್ಳಲು ಮಾತ್ರ ಬೇಕಿದ್ದರೆ ಇಷ್ಟೆಲ್ಲ ಬೇಡ. ಕೊಂಕಣಿಗರ ಫೋಡಿ ಮಾಡಿ. ಹೋಳಿಗೆ ಉಪ್ಪು, ಖಾರದ ಪುಡಿ, ಇಂಗು ಸವರಿ ಹತ್ತು ನಿಮಿಷ ಬಿಟ್ಟು, ಅಕ್ಕಿಹಿಟ್ಟು ಅಥವಾ ರವೆಯಲ್ಲಿ ಹೊರಳಿಸಿ ಕಾವಲಿಯ ಮೇಲೆ ಕಾಯಿಸಿ. ಬಜ್ಜಿ ಕಾಯಿಯೇ ಸಾಕು.

ಕೇಳಿದವರಿಂದ:
ನಿನ್ನೆ ನೇಂದ್ರ ಸಿಕ್ಕಿತು. ಮೊದಲ ಒಬ್ಬೆ ನೊರೆ ಪೂರ್ತಿ ಅಡಗುವ ಮೊದಲೇ ತೆಗೆದೆ, ಮೆತ್ತಗೆ. ಎರಡನೆಯದಕ್ಕೆ ಫ್ಯಾನ್ ಆಫ್ ಮಾಡಿ ಕಿವಿಗೊಟ್ಟು ನಿಂತೆ. ಗಲಗಲ ಅಂತು! ಇವತ್ತು ಸಂಜೆಗೂ ಗರಿಯಾಗಿದೆ. ಉಪ್ಪುನೀರಿಗೆ ಧೈರ್ಯ ಬರಲಿಲ್ಲ, ಪುಡಿ ಉಪ್ಪೇ. ಸಿಪ್ಪೆ ರಾಶಿ ಬಿದ್ದಿದೆ, ಎಸೆಯುವುದೇ?

ಪುತ್ತೂರಿನಿಂದ:
ಅಯ್ಯೋ, ಎಸೆಯಬೇಡಿ. ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿನಲ್ಲಿ ಹಾಕಿಡಿ, ಒಗರು ಬಿಡುತ್ತದೆ. ಅಲಸಂದೆ ಕಾಳು ಬೇಯಿಸಿ, ಜೊತೆಗೆ ಈ ಸಿಪ್ಪೆ, ಉಪ್ಪು, ಚೂರು ಬೆಲ್ಲ. ಕೊನೆಗೆ ತೆಂಗಿನತುರಿ, ಸಾಸಿವೆ ಒಗ್ಗರಣೆ. ನಾಳೆಯ ಊಟಕ್ಕೆ ಪಲ್ಯ ಆಯಿತು.