ಒಕ್ಲಹೋಮಾದ ಸ್ನೇಹಿತರ ಶಾಟ್‌ಗನ್, ಟೆಕ್ಸಾಸ್‌ನ ವಿಳಾಸ, ಕೈಯಲ್ಲಿ ಗ್ರೀನ್ ಕಾರ್ಡ್: ಡೀಲರ್ ಮೂಲಕ ತಗೊಳ್ಳೋದು ಹೇಗೆ?

ಕೇಳಿದ್ದು: ಡಲ್ಲಾಸ್ ಹತ್ತಿರ ಇದ್ದೇನೆ, ಊರು ಮಡಿಕೇರಿ ಕಡೆ. ಗ್ರೀನ್ ಕಾರ್ಡ್ ಬಂದಿದೆ. ಒಕ್ಲಹೋಮಾದ ಸ್ನೇಹಿತರೊಬ್ಬರು ತಮ್ಮ ಹಳೇ 12 ಬೋರ್ ಪಂಪ್ ಶಾಟ್‌ಗನ್ ಮಾರ್ತಿದ್ದಾರೆ. ದುಡ್ಡು ಕೊಟ್ಟು ನೇರವಾಗಿ ತಗೋಬಹುದಾ, ಡೀಲರ್ ಮೂಲಕವೇ ಆಗಬೇಕಾ? ಡ್ರೈವಿಂಗ್ ಲೈಸೆನ್ಸಲ್ಲಿ ಹಳೇ ವಿಳಾಸ ಇದೆ, ಹೆಸರಲ್ಲಿ ಬರೀ ಇನಿಷಿಯಲ್ ಇದೆ. ಎಚ್-1ಬಿಯಲ್ಲಿರೋ ಭಾವಮೈದ ತನಗೂ ಒಂದು ಕೊಡಿಸು, ದುಡ್ಡು ನಾನೇ ಕೊಡ್ತೀನಿ ಅಂತಿದ್ದಾನೆ. ಊರಿನ ಕೋವಿ ವಿನಾಯಿತಿ ಪತ್ರ ಇಲ್ಲಿ ಉಪಯೋಗಕ್ಕೆ ಬರುತ್ತಾ?

ಹ್ಯೂಸ್ಟನ್‌ನಿಂದ: ಕೊನೇ ಪ್ರಶ್ನೆ ಮೊದಲು ಮುಗಿಸೋಣ. ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳೋ ಕೊಡಗಿನ ವಿನಾಯಿತಿ 2029ರವರೆಗೆ ಇದೆ, ನಿಜ. ಆದರೆ ಅದು ಭಾರತದ ಶಸ್ತ್ರಾಸ್ತ್ರ ಕಾಯ್ದೆಯ ಮಾತು, ಇಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಇಲ್ಲ. ಮಾರೋರು, ಕೊಳ್ಳೋರು ಬೇರೆ ಬೇರೆ ರಾಜ್ಯದವರಾದರೆ ಕೈಯಿಂದ ಕೈಗೆ ಕೊಡೋದು ಫೆಡರಲ್ ಅಪರಾಧ. ಇಬ್ಬರೂ ಟೆಕ್ಸಾಸ್‌ನವರೇ ಆಗಿದ್ದರೆ ಮಾತು ಬೇರೆ, ಅಲ್ಲಿ ಖಾಸಗಿ ಮಾರಾಟಕ್ಕೆ ಡೀಲರ್ ಕಡ್ಡಾಯ ಅಲ್ಲ. ನಿಮಗೆ ಎಫ್‌ಎಫ್‌ಎಲ್, ಅಂದರೆ ಫೆಡರಲ್ ಲೈಸೆನ್ಸ್ ಇರೋ ಡೀಲರ್ ಬೇಕೇ ಬೇಕು.

ಎರಡು ದಾರಿ ಇವೆ. ಒಂದು, ಸ್ನೇಹಿತರು ಡಲ್ಲಾಸ್ ಕಡೆಯ ಡೀಲರ್‌ಗೆ ಕಳಿಸೋದು. ಲೈಸೆನ್ಸ್ ಇಲ್ಲದವರಿಂದ ಬಂದ ಪಾರ್ಸೆಲ್ ಕೆಲವು ಅಂಗಡಿಯವರು ಮುಟ್ಟೋದೇ ಇಲ್ಲ, ಕಳಿಸೋ ಮೊದಲು ಫೋನ್ ಮಾಡಿ ಕೇಳಿ. ಪೆಟ್ಟಿಗೆಯಲ್ಲಿ ಕಳಿಸಿದವರ ಐಡಿ ನಕಲು ಇಡಿಸಿ, ಇಲ್ಲದಿದ್ದರೆ ಡೀಲರ್ ತನ್ನ ರಿಜಿಸ್ಟರ್‌ನಲ್ಲಿ ಯಾರಿಂದ ಬಂತು ಅಂತ ಬರೆಯೋಕಾಗಲ್ಲ. ಇನ್ನೊಂದು ದಾರಿ ಸಲೀಸು. ಶಾಟ್‌ಗನ್, ರೈಫಲ್‌ಗಳನ್ನ ಪಕ್ಕದ ರಾಜ್ಯದ ಡೀಲರ್‌ನಿಂದಲೂ ತಗೋಬಹುದು, ಎರಡೂ ರಾಜ್ಯದ ಕಾನೂನಿಗೆ ಸರಿಹೊಂದಿದರೆ ಸಾಕು. ಇಬ್ಬರೂ ಒಕ್ಲಹೋಮಾದ ಒಂದೇ ಅಂಗಡಿಗೆ ಹೋಗಿ ಅಲ್ಲೇ ಮುಗಿಸಿ. ಪಿಸ್ತೂಲ್ ಆಗಿದ್ದರೆ ಇದು ನಡೀತಿರಲಿಲ್ಲ, ಅದನ್ನ ನಿಮ್ಮ ರಾಜ್ಯದ ಡೀಲರ್ ಕೈಯಿಂದಲೇ ತಗೋಬೇಕು. ಡೀಲರ್ ಫೀ ಸಾಮಾನ್ಯವಾಗಿ 20ರಿಂದ 50 ಡಾಲರ್. ಕೊಳ್ಳೋರ ಹಿನ್ನೆಲೆ ನೋಡೋ ಎಫ್‌ಬಿಐ ತಪಾಸಣೆಗೆ ಶುಲ್ಕ ಇಲ್ಲ.

ಕೌಂಟರ್ ಕೆಲಸ ಬಲ್ಲವರಿಂದ: ಎಲ್ಲ ನಿಂತಿರೋದು ಫಾರ್ಮ್ 4473 ಮೇಲೆ, ಅಂದರೆ ಡೀಲರ್‌ನಿಂದ ಬಂದೂಕು ತಗೊಳ್ಳುವಾಗ ತುಂಬೋ ಫೆಡರಲ್ ಫಾರ್ಮ್. ಕಂಪನಿ, ಮಾಡೆಲ್, ಸೀರಿಯಲ್ ನಂಬರ್ ಡೀಲರ್ ತುಂಬ್ತಾರೆ. 1968ಕ್ಕೂ ಹಿಂದಿನ ಎಷ್ಟೋ ಶಾಟ್‌ಗನ್‌ಗಳಿಗೆ ಸೀರಿಯಲ್ ನಂಬರೇ ಇಲ್ಲ, ಅದು ತಪ್ಪಲ್ಲ. ಆದರೆ ಇದ್ದ ನಂಬರನ್ನ ಯಾರೋ ಉಜ್ಜಿ ಅಳಿಸಿದ್ದಾರೆ ಅನ್ನಿಸಿದರೆ ಆ ಕೋವಿ ಮುಟ್ಟಲೇಬೇಡಿ.

ಫಾರ್ಮಿನಲ್ಲಿ ಕೊಳ್ಳೋರು ತುಂಬೋ ಭಾಗದಲ್ಲಿ ನಮ್ಮವರು ಎಡವೋದು ಹೆಸರಲ್ಲೇ. ಐಡಿಯಲ್ಲಿ ಹೇಗಿದೆಯೋ ಹಾಗೇ ಬರೀರಿ. ಇನಿಷಿಯಲ್ಲೇ ಕಾನೂನುಬದ್ಧ ಹೆಸರಾಗಿದ್ದರೆ ಆ ಅಕ್ಷರದ ನಂತರ 'ಐಓ' ಅಂತ ಹಾಕಬೇಕು, ಅಂದರೆ ಬರೀ ಇನಿಷಿಯಲ್. ನಡು ಹೆಸರೇ ಇಲ್ಲದಿದ್ದರೆ 'ಎನ್‌ಎಂಎನ್'. ಖಾಲಿ ಬಿಟ್ಟರೆ ಫಾರ್ಮ್ ವಾಪಸ್ ಬರುತ್ತೆ. ಎಚ್ ಅನ್ನೋದನ್ನ ಬಿಡಿಸಿ ಹಾಸನ ಅಂತ ಬರೆಯೋ ಉಮೇದು ಬೇಡ. ಗ್ರೀನ್ ಕಾರ್ಡಲ್ಲಿ ಒಂದು ಹೆಸರು, ಲೈಸೆನ್ಸಲ್ಲಿ ಇನ್ನೊಂದು ಇದ್ದರೆ ಅದನ್ನ ಮೊದಲು ಸರಿಮಾಡಿಸಿ.

ವಿಳಾಸದಲ್ಲಿ 'ಕೌಂಟಿ' ಅಂತ ಒಂದು ಮನೆ ಇದೆ. ಅವಸರದಲ್ಲಿ ಅದನ್ನ 'ಕಂಟ್ರಿ' ಅಂತ ಓದಿ ಯುಎಸ್‌ಎ ಬರೀತಾರೆ. ನೀವು ಡಲ್ಲಾಸ್ ಕೌಂಟಿಯೋ ಕಾಲಿನ್ ಕೌಂಟಿಯೋ ನೋಡ್ಕೊಂಡು ಹೋಗಿ. ಪೋಸ್ಟ್ ಬಾಕ್ಸ್ ನಡೆಯಲ್ಲ. ಹುಟ್ಟಿದ ಸ್ಥಳಕ್ಕೆ ಹೊರದೇಶದವರು ದೇಶದ ಹೆಸರು ಬರೆದರೆ ಸಾಕು. ಪೌರತ್ವ ಭಾರತ, ಕೆಳಗೆ ಗ್ರೀನ್ ಕಾರ್ಡಿನ 'ಎ' ನಂಬರ್. ತಪ್ಪಾದರೆ ವೈಟ್ನರ್ ಹಚ್ಚಬೇಡಿ. ಒಂದು ಗೆರೆ ಎಳೆದು, ಸರಿಯಾದದ್ದು ಬರೆದು, ಪಕ್ಕದಲ್ಲಿ ಇನಿಷಿಯಲ್, ತಾರೀಖು ಹಾಕಿ.

ಲೈಸೆನ್ಸಿನ ಹಳೇ ವಿಳಾಸಕ್ಕೆ: ಈಗಿನ ವಿಳಾಸ ಇರೋ ಇನ್ನೊಂದು ಸರ್ಕಾರಿ ಕಾಗದ ಜೋಡಿಸಬಹುದು, ಕಾರಿನ ರಿಜಿಸ್ಟ್ರೇಷನ್ ಆಗುತ್ತೆ. ಖಾಸಗಿ ಕಂಪನಿಯ ಕರೆಂಟ್ ಬಿಲ್ ಆಗಲ್ಲ. ಪಾಸ್‌ಪೋರ್ಟ್ ಒಂದೇ ತಂದರೂ ಆಗಲ್ಲ, ಅದರಲ್ಲಿ ಇಲ್ಲಿನ ವಿಳಾಸ ಇರಲ್ಲ. ಹೇಗೂ ಟೆಕ್ಸಾಸ್‌ನಲ್ಲಿ ಮನೆ ಬದಲಾದ 30 ದಿನದೊಳಗೆ ಲೈಸೆನ್ಸ್ ತಿದ್ದಿಸಬೇಕು, ಆ ಕೆಲಸ ಮುಗಿಸಿಯೇ ಹೋಗಿ. ಗ್ರೀನ್ ಕಾರ್ಡಿನವರು 90 ದಿನ ಇದೇ ರಾಜ್ಯದಲ್ಲಿದ್ದೆ ಅಂತ ಬಿಲ್ಲುಗಳ ಕಟ್ಟು ತರಬೇಕು ಅನ್ನೋ ಹಳೇ ನಿಯಮ 2012ರಲ್ಲೇ ಹೋಗಿದೆ. ಇನ್ನೂ ಕೇಳೋ ಅಂಗಡಿಯವರಿದ್ದಾರೆ, ಬೇರೆ ಅಂಗಡಿ ನೋಡಿ.

ಆಸ್ಟಿನ್‌ನಿಂದ: ಸೋಷಿಯಲ್ ಸೆಕ್ಯೂರಿಟಿ ನಂಬರ್ ಐಚ್ಛಿಕ. ಆದರೂ ಬರೀರಿ. ನಿಮ್ಮ ಹೆಸರಿನ ಇನ್ನೊಬ್ಬರ ಕೇಸು ನಿಮ್ಮ ತಲೆಗೆ ಬರೋದು ತಪ್ಪುತ್ತೆ.

ಡೀಲರ್ ನಿಮ್ಮ ವಿವರವನ್ನ ನಿಕ್ಸ್‌ಗೆ ಕಳಿಸ್ತಾರೆ. 1998ರ ನವೆಂಬರ್ 30ರಿಂದ ನಡೀತಿರೋ ಎಫ್‌ಬಿಐ ತಪಾಸಣಾ ವ್ಯವಸ್ಥೆ ಅದು, ಕಚೇರಿ ಇರೋದು ವೆಸ್ಟ್ ವರ್ಜೀನಿಯಾದ ಕ್ಲಾರ್ಕ್ಸ್‌ಬರ್ಗ್‌ನಲ್ಲಿ. ನಾಗರಿಕರಲ್ಲದವರಿಗೆ ವಲಸೆ ಇಲಾಖೆಯ ದಾಖಲೆಯನ್ನೂ ನೋಡ್ತಾರೆ. ಹಾಗಾಗಿ ಬೇರೆಯವರಿಗೆ ನಿಮಿಷದಲ್ಲಿ ಮುಗಿಯೋದು ನಿಮಗೆ ಹೊತ್ತಾಗಬಹುದು. ಉತ್ತರ ಮೂರೇ: ಪ್ರೊಸೀಡ್ (ಕೊಡಬಹುದು), ಡಿಲೇ (ಇನ್ನೂ ನೋಡಬೇಕು), ಡಿನೈ (ಕೊಡಬಾರದು).

ಡಿಲೇ ಬಂತು ಅಂದರೆ ತಿರಸ್ಕಾರ ಅಲ್ಲ. ಮೂರು ಕೆಲಸದ ದಿನ ಕಳೆದರೂ ಉತ್ತರ ಬರದಿದ್ದರೆ ಡೀಲರ್ ಕೋವಿ ಕೊಡಬಹುದು. ತಪಾಸಣೆಗೆ ಹಾಕಿದ ದಿನ ಲೆಕ್ಕಕ್ಕಿಲ್ಲ. ಗುರುವಾರ ಹಾಕಿದರೆ ಶುಕ್ರ, ಸೋಮ, ಮಂಗಳ ಕಳೆದು ಬುಧವಾರ. ಆದರೆ ಕಾನೂನು ಹೇಳೋದು 'ಕೊಡಬಹುದು' ಅಂತ, 'ಕೊಡಬೇಕು' ಅಂತಲ್ಲ. ಪ್ರೊಸೀಡ್ ಬರೋವರೆಗೆ ಕೊಡದ ಅಂಗಡಿಗಳು ಬೇಕಾದಷ್ಟಿವೆ, ಜಗಳ ಆಡಿ ಪ್ರಯೋಜನ ಇಲ್ಲ. ಬೇರೆ ದಿನ ತಗೊಳ್ಳೋಕೆ ಹೋದಾಗ ಅದೇ ಫಾರ್ಮಿನಲ್ಲಿ ಮತ್ತೆ ಸಹಿ ಹಾಕಬೇಕು. ತಪಾಸಣೆ 30 ದಿನ ಚಾಲ್ತಿ, ಮೀರಿದರೆ ಹೊಸದಾಗಿ ಮಾಡಿಸಬೇಕು.

ಪ್ರತಿ ಸಲವೂ ಡಿಲೇ ಆಗ್ತಿದ್ದರೆ ಬೆರಳಚ್ಚು ಕೊಟ್ಟು, ನಿಮ್ಮನ್ನ ಗುರುತಿಸೋ ಯುಪಿಐಎನ್ ಅನ್ನೋ ನಂಬರ್‌ಗೆ ಎಫ್‌ಬಿಐಗೆ ಅರ್ಜಿ ಹಾಕಿ, ಮುಂದಿನ ಫಾರ್ಮುಗಳಲ್ಲಿ ಅದನ್ನ ಬರೀರಿ. ಯಾವತ್ತೋ ಪೊಲೀಸರು ಹಿಡಿದು ಕೇಸು ವಜಾ ಆಗಿದ್ದರೂ, ಮುಗಿದದ್ದು ದಾಖಲೆಗೆ ಏರಿರದಿದ್ದರೆ ಅದೇ ತೊಡಕು. ಆ ಕೋರ್ಟಿನ ಕ್ಲರ್ಕ್‌ನಿಂದ ತೀರ್ಪಿನ ದೃಢೀಕೃತ ಪ್ರತಿ ತೆಗೆಸಿಟ್ಟುಕೊಳ್ಳಿ.

ವಲಸೆ ಕಾನೂನು ಬಲ್ಲವರಿಂದ: ಭಾವಮೈದನ ವಿಷಯ ಯಾರೂ ಎತ್ತಲಿಲ್ಲ, ಇಲ್ಲಿ ನಿಜವಾಗಿ ಅಪಾಯ ಇರೋದು ಅದರಲ್ಲೇ. ಎಚ್-1ಬಿ, ಎಲ್-1, ಎಫ್-1ನಂಥ ತಾತ್ಕಾಲಿಕ ವೀಸಾದವರು ಬಂದೂಕು ಇಟ್ಟುಕೊಳ್ಳೋದೇ ನಿಷಿದ್ಧ. ಕೆಲವು ವಿನಾಯಿತಿಗಳಲ್ಲಿ ಸಾಮಾನ್ಯರಿಗೆ ದಕ್ಕೋದು ಒಂದೇ, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಪರವಾನಗಿ. ಅದಿದ್ದರೆ ಅವರೇ ಅಂಗಡಿಗೆ ಹೋಗಿ, ಅದನ್ನೂ ಐ-94 (ದೇಶದೊಳಗೆ ಬಂದ ದಾಖಲೆ) ನಂಬರನ್ನೂ ಕೊಟ್ಟು, ತಮ್ಮ ಹೆಸರಲ್ಲೇ ತಗೊಳ್ಳಲಿ. ಪರವಾನಗಿಯ ಅವಧಿ ಮುಗಿದ ದಿನ ಮನೆಯಲ್ಲಿರೋ ಕೋವಿಯೂ ಅಪರಾಧವೇ.

ಅವರ ದುಡ್ಡಲ್ಲಿ ನೀವು ತಗೊಂಡು, ನಿಜವಾದ ಖರೀದಿದಾರ ನಾನೇ ಅಂತ 4473ರಲ್ಲಿ ಗುರುತು ಹಾಕಿದರೆ ಅದು ಸ್ಟ್ರಾ ಖರೀದಿ. ಅವರಿಗೆ ಅರ್ಹತೆ ಇದ್ದರೂ ತಪ್ಪೇ. 2014ರ ಅಬ್ರಾಮ್‌ಸ್ಕಿ ಪ್ರಕರಣದಲ್ಲಿ ಚಿಕ್ಕಪ್ಪನ ಚೆಕ್ಕಿನಿಂದ ಪಿಸ್ತೂಲ್ ಕೊಂಡವನೂ, ಆ ಚಿಕ್ಕಪ್ಪನೂ ಇಬ್ಬರೂ ಅರ್ಹರೇ ಆಗಿದ್ದರು. ಸುಪ್ರೀಂ ಕೋರ್ಟ್ ಶಿಕ್ಷೆ ಎತ್ತಿಹಿಡಿಯಿತು. 2022ರ ಕಾಯ್ದೆ ಬಂದಮೇಲೆ ಸ್ಟ್ರಾ ಖರೀದಿಗೆ 15 ವರ್ಷದವರೆಗೆ ಜೈಲಿದೆ. ಗ್ರೀನ್ ಕಾರ್ಡಿನವರಿಗೆ ಬಂದೂಕಿನ ಅಪರಾಧ ಗಡೀಪಾರಿಗೂ ಕಾರಣವಾಗುತ್ತೆ. ಸಂಬಂಧ ಕೆಡುತ್ತೆ ಅಂತ ಹೆದರಿ ಹೂಂ ಅನ್ನಬೇಡಿ.

ಗಾಂಜಾ ಬಳಸ್ತೀರಾ ಅಂತ 4473ರಲ್ಲಿ ಕೇಳೋ ಪ್ರಶ್ನೆಯಲ್ಲೂ ಎಚ್ಚರ ಬೇಕು. ರಾಜ್ಯದಲ್ಲಿ ಅದು ಕಾನೂನುಬದ್ಧವಾಗಿದ್ದರೂ ಫೆಡರಲ್ ಕಾನೂನಿನಲ್ಲಿ ಅಲ್ಲ, ಫಾರ್ಮಿನಲ್ಲೇ ಎಚ್ಚರಿಕೆ ಅಚ್ಚಾಗಿದೆ.

ಸ್ಯಾನ್ ಹೋಸೆಯಿಂದ: ಕ್ಯಾಲಿಫೋರ್ನಿಯಾದವರು ಮೇಲಿನದನ್ನೇ ನಂಬಿ ಹೊರಡಬೇಡಿ. ಇಲ್ಲಿ ರಾಜ್ಯದೊಳಗಿನ ಖಾಸಗಿ ಮಾರಾಟಕ್ಕೂ ಡೀಲರ್ ಬೇಕು, ಸುರಕ್ಷತಾ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ಬೇಕು, ಕೈಗೆ ಸಿಗೋಕೆ 10 ದಿನ ಕಾಯಬೇಕು.

ಕೌಂಟರ್ ಕೆಲಸ ಬಲ್ಲವರಿಂದ, ಮತ್ತೆ: ಒಕ್ಲಹೋಮಾದ ಅಂಗಡಿಗೆ ಇಬ್ಬರೂ ಹೋಗೋದಾದರೆ ಇದೊಂದು ಗಮನಿಸಿ. ಡಿಲೇ ಬಂದಾಗ ಸ್ನೇಹಿತರು ಕೋವಿಯನ್ನ ಅಂಗಡಿಯಲ್ಲೇ ಬಿಟ್ಟು ಹೋದರೆ ಅದು ಡೀಲರ್‌ನ ರಿಜಿಸ್ಟರ್‌ಗೆ ಏರುತ್ತೆ. ಆಮೇಲೆ ನಿಮಗೆ ಡಿನೈ ಬಂದರೆ, ತಮ್ಮದೇ ಕೋವಿ ವಾಪಸ್ ಪಡೆಯೋಕೆ ಅವರೂ 4473 ತುಂಬಿ ತಪಾಸಣೆಗೆ ನಿಲ್ಲಬೇಕು. ಬಿಡದೆ ಮನೆಗೆ ತಗೊಂಡು ಹೋದರೆ ಆ ರಗಳೆ ಇಲ್ಲ, ಪ್ರೊಸೀಡ್ ಬಂದಮೇಲೆ ಇಬ್ಬರೂ ಇನ್ನೊಮ್ಮೆ ಬರಬೇಕು ಅಷ್ಟೇ. ಡಿನೈ ಆದರೆ ಡೀಲರ್‌ನಿಂದ ಆ ತಪಾಸಣೆಯ ಎನ್‌ಟಿಎನ್ ನಂಬರ್ ಬರೆಸಿಕೊಳ್ಳಿ. ಎಫ್‌ಬಿಐಗೆ ಮೇಲ್ಮನವಿ ಹಾಕೋಕೆ ಅದು ಬೇಕು. ಕಾರಣ ಏನು ಅಂತ ಡೀಲರ್‌ಗೂ ಹೇಳಿರಲ್ಲ, ಅವರನ್ನ ಕೇಳಿ ಫಲ ಇಲ್ಲ.