ಪದಚರ್ಚೆ: ‘500-1 ಆಡ್ಸ್’ ಕನ್ನಡದಲ್ಲಿ ಹೇಗೆ? ಬಾಜಿಯ ಮಾತುಗಳ ಬಗ್ಗೆ

ಬಳಗದ ಎಲ್ಲರಿಗೂ ನಮಸ್ಕಾರ.

ಹಳೆಯ ಟೆಸ್ಟ್ ಪಂದ್ಯಗಳ ಬಗೆಗಿನ ಬರಹವೊಂದನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ 1981ರ ಹೆಡಿಂಗ್ಲಿ ಟೆಸ್ಟ್ ಬರುತ್ತದೆ. ಕ್ರಿಕೆಟ್ ಹುಚ್ಚಿರುವವರಿಗೆ ಕಥೆ ಗೊತ್ತೇ ಇದೆ: ಇಂಗ್ಲೆಂಡ್ ಫಾಲೋ ಆನ್ ಆಯಿತು, ಬೋಥಮ್ ಅಜೇಯ 149 ಹೊಡೆದರು, ಗೆಲ್ಲಲು ಬರೀ 130 ಬೇಕಿದ್ದ ಆಸ್ಟ್ರೇಲಿಯಾ ಬಾಬ್ ವಿಲ್ಲಿಸ್ ಎದುರು 111ಕ್ಕೆ ಉದುರಿತು. ಇಂಗ್ಲೆಂಡಿಗೆ 18 ರನ್ ಗೆಲುವು. ಅದು ಮುಳುಗೇ ಹೋಯಿತು ಅನ್ನಿಸಿದ್ದ ಹೊತ್ತಿನಲ್ಲಿ ಲ್ಯಾಡ್‌ಬ್ರೋಕ್ಸ್ ಎಂಬ ಬಾಜಿ ಕಂಪನಿ ಇಂಗ್ಲೆಂಡಿನ ಗೆಲುವಿಗೆ 500-1 ಆಡ್ಸ್ ಕೊಟ್ಟಿತ್ತು, ಅಂದರೆ ಒಂದು ಪೌಂಡ್ ಕಟ್ಟಿ ಗೆದ್ದವನಿಗೆ 500 ಪೌಂಡ್ ಲಾಭ. ಮೈದಾನದ ಸ್ಕೋರ್‌ಬೋರ್ಡಿನ ಮೇಲೇ ಅದು ಕಾಣಿಸಿಕೊಂಡಿತ್ತು. ಆಸ್ಟ್ರೇಲಿಯಾ ತಂಡದಲ್ಲೇ ಆಡುತ್ತಿದ್ದ ಡೆನ್ನಿಸ್ ಲಿಲ್ಲಿ 10 ಪೌಂಡನ್ನೂ ರಾಡ್ ಮಾರ್ಷ್ 5 ಪೌಂಡನ್ನೂ ತಂಡದ ಬಸ್ ಡ್ರೈವರ್ ಕೈಲಿ ಕೊಟ್ಟು ಕಟ್ಟಿಸಿದರು. ಇಬ್ಬರಿಗೂ ಸೇರಿ ಬಂದದ್ದು 7,500 ಪೌಂಡ್. ಆಗ ಅದನ್ನು ತಡೆಯುವ ನಿಯಮ ಇರಲಿಲ್ಲ. ಇವತ್ತಾಗಿದ್ದರೆ ಇಬ್ಬರ ಆಟವೂ ಅಲ್ಲಿಗೇ ಮುಗಿಯುತ್ತಿತ್ತು.

ನನ್ನ ತೊಡಕು ಆ ‘500-1 ಆಡ್ಸ್’ನದು. ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಇಂಥದ್ದು ಬಂದಾಗ ಸಾಮಾನ್ಯವಾಗಿ ‘ಗೆಲ್ಲುವ ಸಾಧ್ಯತೆ 500ಕ್ಕೆ 1’ ಎಂದು ಬರೆದು ಮುಂದೆ ಹೋಗುತ್ತಾರೆ. ಇಷ್ಟು ದೊಡ್ಡ ಅಂಕಿಯಾದರೆ ಯಾರಿಗೂ ತಪ್ಪು ಕಾಣುವುದಿಲ್ಲ, ಏಕೆಂದರೆ ಸರಿಯಾದ ಲೆಕ್ಕ 501ರಲ್ಲಿ 1, ಹೆಚ್ಚುಕಡಿಮೆ ಒಂದೇ. ಅಂಕಿ ಚಿಕ್ಕದಾಗುತ್ತ ಬಂದಾಗ ನೋಡಿ ಪಜೀತಿ. 2-1 ಆಡ್ಸನ್ನು ‘ಎರಡಕ್ಕೆ ಒಂದು ಸಾಧ್ಯತೆ’ ಎಂದರೆ ಅರ್ಧಕ್ಕರ್ಧ ಅವಕಾಶ ಎಂದಾಯಿತು. ನಿಜವಾಗಿ ಅದು ಮೂರರಲ್ಲಿ ಒಂದು. 1-1, ಅಂದರೆ ರೇಸಿನವರು ‘ಈವನ್ಸ್’ ಅನ್ನುವುದು, ‘ಒಂದಕ್ಕೆ ಒಂದು ಸಾಧ್ಯತೆ’ ಆಗಿ ಗೆಲುವು ಗ್ಯಾರಂಟಿಯೇ ಆಗಿಬಿಡುತ್ತದೆ. ಇನ್ನು 1-2 ಬಂದರಂತೂ ಒಂದರಲ್ಲಿ ಎರಡು, ನೂರಕ್ಕೆ ಇನ್ನೂರು! ಹತ್ತನೇ ತರಗತಿಯ ‘ಸಂಭವನೀಯತೆ’ ಪಾಠ ಓದಿದ ಹುಡುಗ ನಗುತ್ತಾನೆ.

ಎಡವಟ್ಟು ಎಲ್ಲಿಂದ ಬಂತೆಂದರೆ, ಆಡ್ಸ್ ಎಂಬುದು ಮೂಲದಲ್ಲಿ ಸಾಧ್ಯತೆಯೇ ಅಲ್ಲ. ಅದು ಬೆಲೆ. ‘ನೀನು ಇಷ್ಟು ಇಡು, ಗೆದ್ದರೆ ನಾನು ಇಷ್ಟು ಕೊಡುತ್ತೇನೆ’ ಎಂಬ ಮಾತು. ಎಷ್ಟು ಜನ ಯಾವ ಕಡೆ ಕಟ್ಟುತ್ತಾರೆ ಎಂದು ನೋಡಿ ಬುಕ್ಕಿ ಅದನ್ನು ಏರಿಸುತ್ತಾನೆ, ಇಳಿಸುತ್ತಾನೆ. ಸಾಧ್ಯತೆಯನ್ನು ಅದರೊಳಗಿಂದ ಲೆಕ್ಕ ಹಾಕಿ ತೆಗೆಯಬಹುದು, ಅಷ್ಟೆ: 5-2 ಎಂದರೆ 5ನ್ನೂ 2ನ್ನೂ ಕೂಡಿಸಿ 7, ಅದರಲ್ಲಿ 2 ಪಾಲು, ಸುಮಾರು ನೂರಕ್ಕೆ 28.6. ಹಾಗಾಗಿ ‘ಸಾಧ್ಯತೆ’, ‘ಸಂಭವ’ ಎರಡನ್ನೂ ಈ ಜಾಗದಿಂದ ಎಬ್ಬಿಸಬೇಕು ಎಂಬುದು ನನ್ನ ವಾದ. ನಮ್ಮಲ್ಲಿ ಈ ವ್ಯವಹಾರ ಮಾಡುವವರು ಇದನ್ನು ಯಾವತ್ತೂ ಸಾಧ್ಯತೆ ಎಂದವರೂ ಅಲ್ಲ. ‘ಇವತ್ತು ರೇಟ್ ಎಷ್ಟು ನಡೀತಿದೆ?’ ಅನ್ನುತ್ತಾರೆ. ರೇಟು, ದರ. ‘ಬಾಜಿದರ’ ಎಂದು ಬರೆದರೆ ಓದುಗ ಎಡವುವುದಿಲ್ಲ ಎಂದುಕೊಂಡಿದ್ದೇನೆ.

ದರ ಎಂದು ಒಪ್ಪಿಕೊಂಡ ಮೇಲೆ ಅಂಕಿಯನ್ನು ಓದುವ ಕ್ರಮ ತಾನಾಗಿ ಬರುತ್ತದೆ. ಕನ್ನಡದಲ್ಲಿ ಕೊಟ್ಟದ್ದು ಮೊದಲು, ಬರುವುದು ಆಮೇಲೆ: ‘ಒಂದಕ್ಕೆ ಎರಡು’, ‘ರೂಪಾಯಿಗೆ ಹತ್ತು’. ಇಂಗ್ಲಿಷಿನದು ತಿರುಗುಮುರುಗು, ಬರುವುದು ಮೊದಲು. ಆದ್ದರಿಂದ 500-1ನ್ನು ‘ಒಂದಕ್ಕೆ ಐನೂರು’ ಎಂದೂ 5-2ನ್ನು ‘ಎರಡಕ್ಕೆ ಐದು’ ಎಂದೂ ತಿರುಗಿಸಿ ಹೇಳಬೇಕು. ನನ್ನ ಕರಡಿನಲ್ಲಿ ಸದ್ಯ ‘ಇಂಗ್ಲೆಂಡ್ ಗೆದ್ದರೆ ಒಂದಕ್ಕೆ ಐನೂರು ಕೊಡುವುದಾಗಿ ಲ್ಯಾಡ್‌ಬ್ರೋಕ್ಸ್ ಸಾರಿತ್ತು’ ಎಂದಿದೆ. ಆಡ್ಸ್ ಎಂಬ ನಾಮಪದವೇ ಬೇಕಾಗಲಿಲ್ಲ, ನೋಡಿ.

ಆದರೆ ಇಲ್ಲೊಂದು ಸೂಕ್ಷ್ಮವಿದೆ, ಅದಕ್ಕೇ ಮುಖ್ಯವಾಗಿ ಈ ಪತ್ರ. ‘ಒಂದಕ್ಕೆ ಎರಡು ಮಾಡಿಕೊಡ್ತೀನಿ’ ಎಂದು ಚೀಟಿ ಕಂಪನಿಯವನು ಹೇಳಿದರೆ ನಾವು ಏನು ತಿಳಿಯುತ್ತೇವೆ? ನೂರು ಕೊಟ್ಟರೆ ಕೈಗೆ ಇನ್ನೂರು. ಅಂದರೆ ಅಸಲೂ ಅದರೊಳಗೇ. ಬ್ರಿಟನ್ನಿನ 2-1ರಲ್ಲಿ ಹಾಗಲ್ಲ: ನೂರು ಕಟ್ಟಿ ಗೆದ್ದರೆ ಲಾಭವೇ ಇನ್ನೂರು, ಅಸಲು ಬೇರೆ ವಾಪಸು, ಒಟ್ಟು ಮುನ್ನೂರು. ಲಿಲ್ಲಿ ಮತ್ತು ಮಾರ್ಷ್ ಲೆಕ್ಕ ನೋಡಿ: 15 ಪೌಂಡಿಗೆ ಗೆದ್ದದ್ದು 7,500; ಕಟ್ಟಿದ 15 ಅದರ ಹೊರಗೆ. ಯುರೋಪಿನ ಬೇರೆ ದೇಶಗಳಲ್ಲೂ ಈಗಿನ ಆ್ಯಪ್‌ಗಳಲ್ಲೂ ಚಲಾವಣೆಯಲ್ಲಿರುವುದು ದಶಮಾಂಶದ ದರ. ಅದು ಅಸಲನ್ನು ಒಳಗಿಟ್ಟುಕೊಂಡೇ ಮಾತಾಡುತ್ತದೆ. ಬ್ರಿಟನ್ನಿನ 2-1 ಅಲ್ಲಿ 3.00, 500-1 ಅಲ್ಲಿ 501.00. ಅಮೆರಿಕದವರದು ಮತ್ತೊಂದು ದಾರಿ, +200 ಎಂದರೆ ನೂರು ಕಟ್ಟಿದರೆ ಇನ್ನೂರು ಲಾಭ, -150 ಎಂದರೆ ನೂರು ಗೆಲ್ಲಬೇಕಾದರೆ ನೂರೈವತ್ತು ಇಡಬೇಕು. ಒಂದೇ ಮಾತನ್ನು ಮೂರು ಊರಿನವರು ಮೂರು ಥರ ಬರೆದಾಗ ‘ಒಂದಕ್ಕೆ ಇಷ್ಟು’ ಎಂಬ ನಮ್ಮ ಒಂದೇ ಪಾತ್ರೆಯಲ್ಲಿ ಎಲ್ಲವನ್ನೂ ಸುರಿದರೆ ಕಲಸುಮೇಲೋಗರ. ನನ್ನ ಸಲಹೆ, ಮೊದಲ ಸಲ ಬಂದಾಗ ‘ಅಸಲು ಬಿಟ್ಟು ಒಂದಕ್ಕೆ ಎರಡು’ ಅಥವಾ ‘ಅಸಲು ಸೇರಿ ಒಂದಕ್ಕೆ ಮೂರು’ ಎಂದು ಬಿಡಿಸಿ ಹೇಳುವುದು. ಬಡ್ಡಿ ಲೆಕ್ಕದಿಂದ ‘ಅಸಲು’ ಎಲ್ಲರ ಬಾಯಲ್ಲೂ ಇದೆ. ‘ಮೂಲಧನ’, ‘ಹೂಡಿಕೆ’ ಎಂದೆಲ್ಲ ಬರೆದು ಜೂಜಿಗೆ ಮ್ಯೂಚುವಲ್ ಫಂಡಿನ ಮರ್ಯಾದೆ ಕೊಡುವುದು ಬೇಡ.

ನಮ್ಮ ಕಡೆಯ ಕ್ರಿಕೆಟ್ ಬುಕ್ಕಿಗಳ ಮಾತನ್ನೂ ಇಲ್ಲಿ ಗಮನಿಸಬೇಕು. ಅವರದು ಹಿಂದಿಯಿಂದ ಬಂದ ‘ಲಗಾಯಿ-ಖಾಯಿ’, ದರ ಪೈಸೆಯಲ್ಲಿ. ‘ಆರ್‌ಸಿಬಿ 60-62’ ಎಂದರೆ ಗೆಲ್ಲುವ ಲೆಕ್ಕದಲ್ಲಿರುವುದು ಆರ್‌ಸಿಬಿ. ಲಗಾಯಿ ಮಾಡಿದವನು ಅದರ ಮೇಲೆ ನೂರು ಕಟ್ಟಿ, ಗೆದ್ದರೆ 60 ಪಡೆಯುತ್ತಾನೆ. ಸೋತರೆ ನೂರೂ ಹೋಯಿತು. ಖಾಯಿ ಮಾಡಿದವನು ಅದರ ವಿರುದ್ಧ. ಆರ್‌ಸಿಬಿ ಸೋತರೆ ಅವನಿಗೆ ನೂರು, ಗೆದ್ದರೆ ಅವನ ಕೈಯಿಂದ 62. ಇದು ಅಸಲು ಬಿಟ್ಟ ಲೆಕ್ಕ, ಅಂದರೆ ಬ್ರಿಟನ್ನಿನವರ ಸಾಲಿಗೆ ಸೇರುತ್ತದೆ, ಆ್ಯಪ್‌ಗಳ ಸಾಲಿಗಲ್ಲ. ನಡುವಿನ ಆ 2 ಪೈಸೆ ಬುಕ್ಕಿಯ ಹೊಟ್ಟೆಪಾಡು.

ಆ ಎರಡು ಪೈಸೆಯನ್ನು ಕನ್ನಡದಲ್ಲಿ ಏನೆನ್ನೋಣ? ಇಂಗ್ಲಿಷಿನಲ್ಲಿ ‘ಓವರ್‌ರೌಂಡ್’, ‘ಮಾರ್ಜಿನ್’, ಅಮೆರಿಕದಲ್ಲಿ ‘ವಿಗ್’, ‘ಜ್ಯೂಸ್’. ಟಾಸ್ ಮೇಲೆ ಬಾಜಿ ಎಂದುಕೊಳ್ಳಿ. ನ್ಯಾಯವಾದ ದರ ಎರಡೂ ಕಡೆ 2.00. ಬುಕ್ಕಿ ಕೊಡುವುದು 1.90. ಹೆಡ್ ಮೇಲೊಬ್ಬ, ಟೇಲ್ ಮೇಲೊಬ್ಬ ನೂರು ನೂರು ಕಟ್ಟಿದರೆ ಬಂದದ್ದು 200, ಗೆದ್ದವನಿಗೆ ಹೋದದ್ದು 190, ಉಳಿದ 10 ಬುಕ್ಕಿಗೆ, ನಾಣ್ಯ ಹೇಗೇ ಬೀಳಲಿ. ಸಾಧ್ಯತೆಗೆ ತಿರುಗಿಸಿದರೆ ಒಂದೊಂದು ಕಡೆಯೂ ನೂರಕ್ಕೆ 52.6, ಕೂಡಿದರೆ 105 ದಾಟುತ್ತದೆ. ನೂರರ ಮೇಲಿನದೇ ಓವರ್‌ರೌಂಡ್. ಇದನ್ನು ‘ಕಮಿಷನ್’ ಎಂದು ಬರೆದದ್ದನ್ನು ನೋಡಿದ್ದೇನೆ, ನನಗೆ ಸಮಾಧಾನವಿಲ್ಲ. ಕಮಿಷನ್ ಎದುರಿಗೇ ಹೇಳಿ ತೆಗೆದುಕೊಳ್ಳುವುದು. ಇದು ದರದೊಳಗೇ ಮುರಿದುಕೊಂಡದ್ದು, ಕಟ್ಟುವವನಿಗೆ ಕಾಣುವುದಿಲ್ಲ. ‘ಸಂಬಳದಲ್ಲಿ ಮುರಿದುಕೊಂಡರು’ ಎನ್ನುವ ಆ ‘ಮುರಿ’ಯಿಂದಲೇ ‘ಒಳಮುರಿತ’ ಎಂದು ಮಾಡಬಹುದೇ? ರೇಸ್‌ಕೋರ್ಸಿನ ಟೋಟ್‌ನಲ್ಲಿ ಮಾತ್ರ ಕಥೆ ಬೇರೆ: ಎಲ್ಲರ ಹಣವೂ ಒಂದೇ ಗುಡ್ಡೆಗೆ ಬೀಳುತ್ತದೆ, ಕ್ಲಬ್ಬಿನ ಪಾಲನ್ನೂ ತೆರಿಗೆಯನ್ನೂ ಮೊದಲೇ ಕಳೆದು ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಅಲ್ಲಿ ‘ಕಡಿತ’ ಎಂದರೆ ಸಾಕು.

ಇನ್ನು ‘ಬೆಟ್’. ಪಂಥ, ಪಣ, ಬಾಜಿ, ಜೂಜು, ಪಂದ್ಯ, ಐದು ಪದ ಇದ್ದೂ ನಾವು ‘ಬೆಟ್ಟಿಂಗ್’ ಎನ್ನುತ್ತೇವೆ. ಒಂದೊಂದರ ಜೊತೆಗೆ ಬರುವ ಕ್ರಿಯಾಪದ ನೋಡಿದರೆ ಗುಣ ತಿಳಿಯುತ್ತದೆ: ಬಾಜಿ ಕಟ್ಟುತ್ತಾರೆ, ಪಣ ಒಡ್ಡುತ್ತಾರೆ, ಜೂಜು ಆಡುತ್ತಾರೆ, ಓಸಿ ಮಟ್ಕಾ ಮಾತ್ರ ಬರೆಸುತ್ತಾರೆ. (ಚೀಟಿ ‘ಬರೆಯುವವನು’ ಅಂದರೆ ಅಕ್ಷರಶಃ ಬುಕ್ಕಿಯೇ, ಪೊಲೀಸ್ ಪ್ರಕಟಣೆಗಳಲ್ಲಿ ಈ ಪ್ರಯೋಗ ಇಂದಿಗೂ ಗಟ್ಟಿಯಾಗಿದೆ.) ಪಣ ಎಂದರೆ ಇಟ್ಟ ವಸ್ತು, ಧರ್ಮರಾಯ ಒಡ್ಡಿದ್ದು, ಇಂಗ್ಲಿಷಿನ ‘ಸ್ಟೇಕ್’ಗೆ ಅದಕ್ಕಿಂತ ಒಳ್ಳೆಯ ಪದ ಬೇಡ. ಜೂಜು ಕಾನೂನಿನವರ ಮಾತು, ಬೈಗುಳದ ವಾಸನೆ ಇರುವಂಥದ್ದು. ಕುದುರೆ ಓಟವನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಕೌಶಲದ ಆಟ ಎಂದದ್ದರಿಂದ ಬೆಂಗಳೂರಿನ ರೇಸ್‌ಕೋರ್ಸಿನೊಳಗೆ ಕಟ್ಟಿದರೆ ಬಾಜಿ, ಆಚೆ ಬಂದು ಐಪಿಎಲ್ ಮೇಲೆ ಕಟ್ಟಿದರೆ ಜೂಜು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾಯ್ದೆಯಂತೂ ಆನ್‌ಲೈನಿನಲ್ಲಿ ಹಣ ಕಟ್ಟಿ ಆಡಿಸುವುದನ್ನೇ ನಿಷೇಧಿಸಿದೆ.

ಪಂದ್ಯದ್ದು ಸ್ವಾರಸ್ಯ. ತೆಲುಗಿನ ‘ಪಂದೆಂ’, ತಮಿಳು ಮಲಯಾಳಗಳ ‘ಪಂದಯಂ’ ಇವತ್ತಿಗೂ ಬಾಜಿಯೇ. ಸಂಕ್ರಾಂತಿಯ ಕೋಳಿ ಪಂದೆಂ ಕೇಳಿದ್ದೀರಿ. ಕನ್ನಡದಲ್ಲೂ ‘ಪಂದ್ಯ ಕಟ್ಟು’ ಎಂಬ ಮಾತು ಇತ್ತು, ಹಳ್ಳಿಯ ಕಡೆ ಈಗಲೂ ಇದೆ. ಆದರೆ ನಾವು ಅದನ್ನು ಕ್ರಿಕೆಟ್ ಮ್ಯಾಚಿಗೆ ಕೊಟ್ಟುಬಿಟ್ಟೆವು. ಬಾಜಿಯ ಪ್ರಯಾಣ ಇದರ ಉಲ್ಟಾ: ಪಾರ್ಸಿಯಲ್ಲಿ ‘ಬಾಜಿ’ ಎಂದರೆ ಬರೀ ಆಟ. ಆಟದ ಪದ ಬಾಜಿಗೆ ಬಂತು, ಬಾಜಿಯ ಪದ ಆಟಕ್ಕೆ ಹೋಯಿತು. ಅನುವಾದಕನಿಗೆ ಇದು ಬರೀ ಸ್ವಾರಸ್ಯವಲ್ಲ. ‘ಪಂದ್ಯದ ಮೇಲಿನ ಪಂದ್ಯ’ ಎಂದು ಬರೆಯುವಂತಿಲ್ಲವಾದ್ದರಿಂದ ಬಾಜಿ ಒಂದೇ ಗತಿ.

ಚಿಲ್ಲರೆ ಪದಗಳು ಕೆಲವು. ‘ಫೇವರಿಟ್’ಗೆ ‘ನೆಚ್ಚಿನ ತಂಡ’ ಖಂಡಿತ ಬೇಡ. 17 ಸೀಸನ್ ಕಪ್ ಇಲ್ಲದೆಯೂ ಆರ್‌ಸಿಬಿ ನಮ್ಮ ನೆಚ್ಚಿನ ತಂಡವೇ ಆಗಿತ್ತು. ಚುನಾವಣೆ ಬಂದಾಗಲೆಲ್ಲ ಬಾಯಿಗೆ ಬರುವ ‘ಗೆಲ್ಲುವ ಕುದುರೆ’ ರೇಸಿನಿಂದಲೇ ಬಂದದ್ದು, ಅದನ್ನೇ ವಾಪಸು ತರೋಣ. ‘ಹ್ಯಾಂಡಿಕ್ಯಾಪ್’ಗೆ ಗಲ್ಲಿ ಕ್ರಿಕೆಟ್ಟಿನ ‘ಬಿಟ್ಟುಕೊಡು’ ಸಾಕಲ್ಲವೇ? ‘ಒಂದೂವರೆ ಗೋಲು ಬಿಟ್ಟುಕೊಟ್ಟ ದರ’ ಎಂದರೆ ಆ ತಂಡ ಕನಿಷ್ಠ ಎರಡು ಗೋಲಿನಿಂದ ಗೆಲ್ಲಬೇಕು. ಹಲವು ಪಂದ್ಯಗಳನ್ನು ಒಂದಕ್ಕೊಂದು ಪೋಣಿಸಿ ಕಟ್ಟುವ ‘ಅಕ್ಯುಮುಲೇಟರ್’ಗೆ ‘ಸರಣಿ ಬಾಜಿ’ ಎಂದರೆ ಕ್ರಿಕೆಟ್ ಸರಣಿ ನೆನಪಾಗುತ್ತದೆ, ‘ಕೊಂಡಿಬಾಜಿ’ ಹೇಗೆ? ದರಗಳು ಗುಣಾಕಾರವಾಗುತ್ತ ಹೋಗುತ್ತವೆ (1.80, 2.00, 1.50 ಸೇರಿ 5.40), ಒಂದು ಕೊಂಡಿ ಕಳಚಿದರೆ ಎಲ್ಲವೂ ನೀರುಪಾಲು.

ಸಿಕ್ಕಿಕೊಂಡಿರುವುದು ‘ಅಂಡರ್‌ಡಾಗ್’ನಲ್ಲಿ. 2015-16ರಲ್ಲಿ ಒಂದಕ್ಕೆ ಐದು ಸಾವಿರ ದರವಿದ್ದ ಲೆಸ್ಟರ್ ಸಿಟಿ ಪ್ರೀಮಿಯರ್ ಲೀಗ್ ಗೆದ್ದ ಪ್ರಸಂಗವೂ ಇದೇ ಬರಹದಲ್ಲಿದೆ. ಅಲ್ಲಿ ಈ ಪದ ಸಾಲುಸಾಲಿಗೆ ಬರುತ್ತದೆ. ‘ದುರ್ಬಲ ತಂಡ’ ಎಂದರೆ ಕೀಳು ಮಾಡಿದಂತೆ, ‘ಕಪ್ಪು ಕುದುರೆ’ ಬೇರೆಯೇ ಅರ್ಥ. ಕರಾವಳಿಯ ಕೋಳಿ ಅಂಕದಲ್ಲಿ, ಕಂಬಳದಲ್ಲಿ, ಉತ್ತರ ಕರ್ನಾಟಕದ ಕುಸ್ತಿ ಕಣದಲ್ಲಿ ಗೆಲ್ಲಲಾರದು ಎಂದು ಜನ ಲೆಕ್ಕ ಹಾಕಿದ ಕೋಳಿಗೋ ಕೋಣಕ್ಕೋ ಪೈಲ್ವಾನನಿಗೋ ಬಳಸುವ ಮಾತಿದ್ದರೆ, ಯಾವ ಊರಿನದು, ವಾಕ್ಯದಲ್ಲಿ ಹೇಗೆ ಬರುತ್ತದೆ ಎಂಬುದರ ಸಮೇತ ದಯವಿಟ್ಟು ಬರೆಯಿರಿ. ‘ಒಳಮುರಿತ’ದ ಬಗ್ಗೆ ತಕರಾರಿದ್ದರೆ ಅದನ್ನೂ.