ಸೊಂಟ ನೋವಿಗೆ ಕೈರೋಪ್ರಾಕ್ಟರ್ ಹತ್ತಿರ ಹೋದವರು ಯಾರಾದರೂ ಇದ್ದೀರಾ?

ಪ್ರಶ್ನೆ: ಕೆಲವು ವಾರಗಳಿಂದ ಸೊಂಟದ ಕೆಳಗೆ ನೋವು. ಇಡೀ ದಿನ ಕಂಪ್ಯೂಟರ್ ಮುಂದೆ ಕೂರುವ ಕೆಲಸ. ಡಾಕ್ಟರ್ ನೋಡಿ ಗಾಬರಿಪಡುವಂಥದ್ದೇನಿಲ್ಲ ಎಂದರು. ಜೊತೆಯಲ್ಲಿ ಕೆಲಸ ಮಾಡುವವರು ಕೈರೋಪ್ರಾಕ್ಟರ್ ಹತ್ತಿರ, ಅಂದರೆ ಬೆನ್ನು, ಕೀಲುಗಳನ್ನು ಕೈಯಿಂದ ಒತ್ತಿ ಚಿಕಿತ್ಸೆ ಕೊಡುವವರ ಹತ್ತಿರ ಹೋಗಿ ಅಂತಿದ್ದಾರೆ. ವಿಡಿಯೋಗಳಲ್ಲಿ ಆ ಲಟಲಟ ಸದ್ದು ಕೇಳಿದರೇ ಭಯ. ನೋವಾಗುತ್ತಾ? ಮೂಳೆ ನಿಜವಾಗಿಯೂ ಜಾಗಕ್ಕೆ ಕೂರುತ್ತಾ? ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲ ಅಂತಾರಲ್ಲ, ಹೌದಾ?

ಉತ್ತರ: ನಾನು ಹೋಗಿದ್ದೇನೆ, ನಿಮ್ಮಂಥದೇ ನೋವಿಗೆ. ಮೊದಲ ದಿನ ಜಾಸ್ತಿ ಹೊತ್ತು ಬರೀ ಪ್ರಶ್ನೆಗಳೇ. ನೋವು ಕಾಲಿಗೆ ಇಳಿಯುತ್ತಾ, ಜೋಮು ಹಿಡಿಯುತ್ತಾ, ಹಿಂದೆ ಎಲ್ಲಾದರೂ ಬಿದ್ದಿದ್ದೀರಾ, ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ, ಹೀಗೆ. ಆಮೇಲೆ ಬಗ್ಗಿಸಿ ತಿರುಗಿಸಿ ನೋಡಿದರು, ಮಂಡಿಗೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಕೊನೆಗೆ ಒಂದು ಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲು ಮಡಿಸಿ, ಚುರುಕಾಗಿ ಒಂದು ಒತ್ತು. ಸದ್ದು ಬಂತು, ನೋವು ಬರಲಿಲ್ಲ. ಮರುದಿನ ಮಾತ್ರ ಬೆನ್ನು ಬಿಗಿ ಬಿಗಿ. ಇದು ತುಂಬಾ ಜನರಿಗೆ ಆಗುತ್ತದಂತೆ, ಒಂದೆರಡು ದಿನದಲ್ಲಿ ಹೋಗುತ್ತದೆ. ನನಗೆ ಹಗುರ ಅನಿಸಿದ್ದು ನಿಜ. ಆದರೆ ಅದೇ ಹೊತ್ತಿಗೆ ದಿನಾ ನಡೆಯಲೂ ಶುರು ಮಾಡಿದ್ದೆ, ಹಾಗಾಗಿ ಯಾವುದರಿಂದ ಎಷ್ಟು ಅಂತ ಹೇಳುವುದು ಕಷ್ಟ.

ಉತ್ತರ: ನಾನು ಫಿಸಿಯೋಥೆರಪಿಸ್ಟ್, ಸ್ವಲ್ಪ ಪಕ್ಷಪಾತ ಇರಬಹುದು ಅಂತ ಇಟ್ಟುಕೊಂಡೇ ಓದಿ. ಆ ಸದ್ದು ಮೂಳೆಯದ್ದಲ್ಲ. ಕೀಲಿನೊಳಗೆ ಒಂದು ದ್ರವ ಇರುತ್ತದೆ, ಕೀಲು ಥಟ್ಟನೆ ಅಗಲವಾದಾಗ ಒತ್ತಡ ಇಳಿದು ಅದರಲ್ಲಿ ಗಾಳಿಗುಳ್ಳೆ ಆಗುತ್ತದೆ. ನೀವು ಬೆರಳಿನ ನೆಟಿಗೆ ಮುರಿಯುವಾಗ ಆಗುವುದೂ ಅದೇ. ಸದ್ದು ಬಂದರೆ ಗುಣ, ಬರದಿದ್ದರೆ ಇಲ್ಲ ಅಂತೇನೂ ಇಲ್ಲ. ಬೆನ್ನುಮೂಳೆ ನಿಜವಾಗಿ ಜಾಗ ಬಿಟ್ಟಿದ್ದರೆ ನೀವು ಕೂತು ಇದನ್ನು ಟೈಪ್ ಮಾಡುತ್ತಿರಲಿಲ್ಲ, ಆಸ್ಪತ್ರೆಯಲ್ಲಿ ಇರುತ್ತಿದ್ದಿರಿ.

ಈ 'ಜಾಗಕ್ಕೆ ಕೂರಿಸುವ' ಮಾತು ಬಂದದ್ದು ಶುರುವಿನ ದಿನಗಳಿಂದ. 1895ರಲ್ಲಿ ಅಮೆರಿಕದ ಅಯೋವಾದ ಡೇವನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಎಂಬವರು ಕಿವಿ ಕೇಳದ ಒಬ್ಬರ ಬೆನ್ನು ಒತ್ತಿ ಕಿವಿ ಕೇಳಿಸಿದೆ ಎಂದರು. ಹೆಚ್ಚಿನ ಕಾಯಿಲೆಗಳಿಗೆಲ್ಲ ಬೆನ್ನುಮೂಳೆ ಜರುಗಿದ್ದೇ ಕಾರಣ ಅನ್ನುವುದು ಅವರ ವಾದ. ಈಗ ಎಷ್ಟೋ ಕೈರೋಪ್ರಾಕ್ಟರ್‌ಗಳೇ ಹಾಗೆ ಮಾತಾಡುವುದಿಲ್ಲ. ಆಸ್ತಮಾ, ಮಗುವಿನ ಹೊಟ್ಟೆನೋವು ಎಲ್ಲ ವಾಸಿ ಮಾಡುತ್ತೇವೆ ಎನ್ನುವವರು ಸಿಕ್ಕರೆ ಸುಮ್ನೆ ಎದ್ದು ಬನ್ನಿ, ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಸೊಂಟ ನೋವಿನ ವಿಷಯ ಬೇರೆ. ಅಮೆರಿಕದ ವೈದ್ಯರ ಸಂಘವಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಕೊಟ್ಟ ಸಲಹೆಯಲ್ಲಿ ಹೊಸದಾಗಿ ಬಂದ ಸೊಂಟ ನೋವಿಗೆ ಶಾಖ, ಮಸಾಜ್ ಜೊತೆ ಬೆನ್ನು ಒತ್ತುವ ಈ ಚಿಕಿತ್ಸೆಯೂ ಇದೆ. ಏನೂ ಮಾಡದಿದ್ದರೂ ಹೆಚ್ಚಿನವರಿಗೆ ದಿನ ಕಳೆದಂತೆ ಕಡಿಮೆಯಾಗುತ್ತದೆ ಅನ್ನುವುದನ್ನೂ ಅದೇ ಸಲಹೆ ಹೇಳುತ್ತದೆ. ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಬಗ್ಗೆ ಸಲಹೆ ಕೊಡುವ ನೈಸ್ ಸಂಸ್ಥೆ ಇನ್ನೂ ಬಿಗಿ: ಕೈಯಿಂದ ಮಾಡುವ ಚಿಕಿತ್ಸೆ ಬೇಕಾದರೆ ವ್ಯಾಯಾಮದ ಜೊತೆಗೇ ಇರಲಿ, ಅದೊಂದೇ ಬೇಡ ಅನ್ನುತ್ತದೆ.

ಉತ್ತರ: ಸೊಂಟಕ್ಕೆ ಸರಿ, ಕುತ್ತಿಗೆ ತಿರುಗಿಸಲು ಮಾತ್ರ ನಾನು ಒಪ್ಪುವುದಿಲ್ಲ. ಕುತ್ತಿಗೆಯಲ್ಲಿ ಮೆದುಳಿಗೆ ರಕ್ತ ಒಯ್ಯುವ ರಕ್ತನಾಳಗಳಿವೆ. ಅವುಗಳ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ, ಆದರೆ ಆಯಿತೆಂದರೆ ದೊಡ್ಡದು. ತಿರುಗಿಸಿದ್ದರಿಂದಲೇ ಹರಿಯಿತೋ, ಮೊದಲೇ ಹರಿದು ಕುತ್ತಿಗೆ ನೋವು ಬಂದಿದ್ದಕ್ಕೇ ಅವರು ಅಲ್ಲಿಗೆ ಹೋಗಿದ್ದರೋ ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ, ಎರಡಕ್ಕೂ ನಂಟು ಕಂಡಿದೆ, ರೋಗಿಗೆ ಮೊದಲೇ ತಿಳಿಸಬೇಕು ಎಂದಿತು. ಹಾಗಾಗಿ ನಾನು ಮಲಗುವ ಮೊದಲೇ 'ಕುತ್ತಿಗೆ ಬೇಡ' ಅಂದುಬಿಡುತ್ತೇನೆ. ಯಾರೂ ಬೇಜಾರು ಮಾಡಿಕೊಂಡಿಲ್ಲ. ಮೂಳೆ ಸವೆದು ಟೊಳ್ಳಾದವರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು, ಮೂಳೆ ಮುರಿದವರು, ಕ್ಯಾನ್ಸರ್ ಆಗಿದ್ದವರು ತಮ್ಮ ಡಾಕ್ಟರನ್ನು ಕೇಳದೆ ಹೋಗಲೇಬಾರದು. ಇನ್ನೊಂದು, ಮೂತ್ರ ಕಟ್ಟಿದರೆ, ಕೂರುವ ಜಾಗ ಮರಗಟ್ಟಿದರೆ, ಕಾಲಿನ ಬಲ ಹೋಗುತ್ತಿದ್ದರೆ ಕೈರೋನೂ ಬೇಡ ಫಿಸಿಯೋನೂ ಬೇಡ, ನೇರ ಎಮರ್ಜೆನ್ಸಿಗೆ ಹೋಗಿ.

ಉತ್ತರ: ಬಿಡುವ ಹಾಗಿಲ್ಲ ಅನ್ನುವುದು ಸುಳ್ಳು. ನಾನು ಬಿಟ್ಟೆ, ಏನೂ ಆಗಲಿಲ್ಲ. ಬಿಡದ ಹಾಗೆ ನೋಡಿಕೊಳ್ಳುವವರು ಇದ್ದಾರೆ, ಅದು ನಿಜ! ಒಂದು ಕಡೆ ಹೋದ ಕೂಡಲೇ ಎಕ್ಸ್-ರೇ ತೆಗೆದು, ನಿಮ್ಮ ಬೆನ್ನಿನ ಬಾಗು ಹೋಗಿದೆ, ಇಡೀ ವರ್ಷ ಬರಬೇಕು, ಪೂರ್ತಿ ದುಡ್ಡು ಈಗಲೇ ಕಟ್ಟಿ ಅಂದರು. ನಾನು ಯೋಚನೆ ಮಾಡಿ ಹೇಳುತ್ತೇನೆ ಅಂತ ಹೊರಟು ಬಂದೆ. ಮಾಮೂಲಿ ಸೊಂಟ ನೋವಿಗೆ ಎಕ್ಸ್-ರೇ ಬೇಕಾಗುವುದೇ ಕಡಿಮೆ. ಅದರಲ್ಲಿ ಕಾಣುವ ಸವೆತ ನೋವೇ ಇಲ್ಲದವರಲ್ಲೂ ಇರುತ್ತದೆ. ಆಮೇಲೆ ಸಿಕ್ಕಿದವರು, ಕೆಲವು ವಾರದಲ್ಲಿ ಗೊತ್ತಾಗುವಷ್ಟು ಕಡಿಮೆಯಾಗದಿದ್ದರೆ ನನ್ನ ಹತ್ತಿರ ಬರಬೇಡಿ ಅಂತ ಅವರೇ ಹೇಳಿದರು. ಅಂಥವರನ್ನು ಹುಡುಕಿ. ಲೈಸೆನ್ಸ್ ಇದೆಯಾ, ಎಲ್ಲಿ ಓದಿದ್ದು ಅಂತ ಕೇಳಲು ಸಂಕೋಚ ಬೇಡ. ವಿಡಿಯೋ ನೋಡಿ ಕಲಿತವರೂ ಬೋರ್ಡ್ ಹಾಕಿಕೊಂಡಿದ್ದಾರೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಕುತ್ತಿಗೆ ಬೇಡ ಅಂತ ಮೊದಲೇ ಹೇಳುತ್ತೇನೆ, ನಡೆಯುವುದನ್ನು ಇವತ್ತೇ ಶುರು ಮಾಡುತ್ತೇನೆ. ಆದರೂ ಆ ಸದ್ದು ನೆನೆಸಿಕೊಂಡರೆ ಮೈ ಬಿಗಿಯಾಗುತ್ತದೆ, ಏನು ಮಾಡಲಿ?

ಉತ್ತರ: ಅದನ್ನೇ ಅವರಿಗೆ ಹೇಳಿ. ಮೈ ಬಿಗಿ ಹಿಡಿದವರಿಗೆ ಒತ್ತುವುದು ಅವರಿಗೂ ಕಷ್ಟ. ಸ್ಪ್ರಿಂಗ್ ಇರುವ ಒಂದು ಪುಟ್ಟ ಸಾಧನ ಬರುತ್ತದೆ, ಬೆನ್ನಿಗೆ ಇಟ್ಟು ಟಕ್ ಅಂತ ತಟ್ಟುತ್ತಾರೆ, ತಿರುಚುವುದೇ ಇಲ್ಲ. ನಿಧಾನವಾಗಿ ಎಳೆದು ಸಡಿಲ ಮಾಡುವ ವಿಧಾನಗಳೂ ಇವೆ. ಬೇಕಾದ್ದನ್ನು ಕೇಳಿ ಮಾಡಿಸಿಕೊಳ್ಳಬಹುದು, ಮಧ್ಯದಲ್ಲಿ ಸಾಕು ಅಂದರೂ ನಿಲ್ಲಿಸುತ್ತಾರೆ.